ಗುರುಲಿಂಗವ್ವನ ಸುಣ್ಣದ ಡಬ್ಬಿ

ಹುನಗುಂದದ ಗುರುಲಿಂಗವ್ವ ಸ್ವಾರ್ಥಿ. ತನಗೆ ಲಾಭವಿಲ್ಲದ ಕೆಲಸಕ್ಕೆ ಆಕೆ ಕೈ ಹಾಕುತ್ತಿರಲಿಲ್ಲ. ಯಾರನ್ನೂ ನಂಬುತ್ತಿರಲಿಲ್ಲ, ನಂಬುವುದಿಲ್ಲವೆಂಬುದನ್ನು ಎದುರಿಗೇ ಹೇಳುತ್ತಿದ್ದಳು. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕೆಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಅಂಥ ಬರಹವನ್ನು ಓದಿಸಿದ್ದರೆ ಆಕೆಯೂ ನಂಬುತ್ತಿರಲಿಲ್ಲ.

ಹಾಗಿದ್ದೂ ಆಕೆಯ ಬಗ್ಗೆ ಬರೆಯಲೇಬೇಕು. ಬಹುಮಾನ ಬಂದಿದೆ ಎನ್ನುವ ಸುಳ್ಳು ಕಾಗದಗಳು ನಮ್ಮ ಸೀಮೆಯ ಮನೆಮನೆಗೆ ಬಂದ ಕಾಲವೊಂದಿತ್ತು. ಬಾಗಲಕೋಟೆಯಲ್ಲಿ ವಕೀಲರು ಮೋಸ ಹೋದರು, ಬಾದಾಮಿಯಲ್ಲಿ ಅಂಗಡಿಕಾರರು ಹೋದರು, ಇಳಕಲ್ಲಿನಲ್ಲಿ ನೇಕಾರರು ಹೋದರು. ಹುನಗುಂದ ಉಳಿದ ಊರುಗಳಿಗಿಂತ ಮೊದಲು ಎಚ್ಚೆತ್ತುಕೊಂಡಿತು. ಊರಿನ ಹೆಸರು ಹೇಳುವಾಗ ನನಗೆ ಇಂದಿಗೂ ಬೆನ್ನು ನೆಟ್ಟಗಾಗುವುದು ಈ ಕಾರಣಕ್ಕೆ. ಊರನ್ನು ಎಚ್ಚರಿಸಿದವಳು ಈ ಸ್ವಾರ್ಥಿ ಹೆಂಗಸು.

ಆಕೆ ಹುಟ್ಟಿದ್ದು ಬೇವೂರಿನಲ್ಲಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತು, ಮದುವೆಯಾಗಿ ಹುನಗುಂದಕ್ಕೆ ಬಂದಳು. ಗಂಡ ಹೊಳಬಸಪ್ಪ ಅಂಚೆ ಕಚೇರಿಯ ಎದುರಿಗೆ ಸೈಕಲ್ ಅಂಗಡಿ ಇಟ್ಟಿದ್ದ. ಆತ ತೀರಿಕೊಂಡ ಮೇಲೆ ಗುರುಲಿಂಗವ್ವ ಬಾಡಿಗೆ ಸೈಕಲ್ಲುಗಳನ್ನು ಮಾರಿ, ರೊಟ್ಟಿ ಬೇಯಿಸುವ ಎರಡು ಹಂಚು ಮತ್ತು ಹಿಟ್ಟು ನಾದುವ ಒಂದು ಹಿತ್ತಾಳೆ ಪರಾತ ಕೊಂಡು, ಅದೇ ಜಾಗದಲ್ಲಿ ಖಾನಾವಳಿ ತೆಗೆದಳು. ಸಣ್ಣ ವಯಸ್ಸಿಗೆ ವಿಧವೆಯಾದದ್ದರಿಂದ ಹೀಗೆ ಬಿರುಸಾದಳೆಂದು ಜನ ಹೇಳುತ್ತಿದ್ದರು. ನಾನು ಒಮ್ಮೆ ನೇರವಾಗಿ ಕೇಳಿದೆ.

"ಇಲ್ರಿ ಬಾಯಾರ, ಹುಟ್ಟಿದಾಗಿಂದ ಹಿಂಗ ಅದೇನಿ," ಎಂದಳು. "ಅವರು ಇದ್ದಾಗ ಅವರನ್ನೂ ನಂಬತಿದ್ದಿಲ್ಲ."

ಹೊಳಬಸಪ್ಪ ತುಂಬ ಒಳ್ಳೆಯ ಮನುಷ್ಯನಾಗಿದ್ದನೆಂದು ಊರೆಲ್ಲ ಹೇಳುತ್ತಿತ್ತು. ಅದನ್ನು ಆಕೆಯೂ ಅಲ್ಲಗಳೆಯುತ್ತಿರಲಿಲ್ಲ.

ನಾನು ೧೯೭೪ರಲ್ಲಿ ಅಲ್ಲಿನ ಕಾಲೇಜಿಗೆ ಅಧ್ಯಾಪಕಿಯಾಗಿ ಹೋಗಿ ಊರಿಗೆಲ್ಲ 'ಬಾಯಾರು' ಆದೆ. ಒಂಟಿ ಹೆಂಗಸು ಮರ್ಯಾದೆಯಿಂದ ಕೂತು ಉಣ್ಣಬಹುದಾದ ಜಾಗ ಆ ಊರಲ್ಲಿ ಅದೊಂದೇ ಇತ್ತು. ಅಲ್ಲಿಯ ನಿಯಮ ಮೊದಲು ದುಡ್ಡು, ಆಮೇಲೆ ತಾಟು. ತಹಸೀಲ್ದಾರರಿಗೂ ಅದೇ, ಹಮಾಲರಿಗೂ ಅದೇ. ತಿಂಗಳ ಲೆಕ್ಕ, ನಾಳೆ ಕೊಡುತ್ತೇನೆ, ಚಿಲ್ಲರೆ ಇಲ್ಲ, ಈ ಮಾತುಗಳು ಆಕೆಯ ಕಿವಿಗೆ ಬೀಳುತ್ತಿರಲಿಲ್ಲ. ದುಡ್ಡು ಸೊಂಟದ ಸಂಚಿಗೆ ಹೋಗುತ್ತಿತ್ತು. ಅದೇ ಸಂಚಿಯಲ್ಲಿ ಎಲೆ, ಅಡಿಕೆ ಮತ್ತು ಹಿತ್ತಾಳೆಯ ಸಣ್ಣ ಸುಣ್ಣದ ಡಬ್ಬಿ ಇರುತ್ತಿದ್ದವು. ಊಟ ಮಾತ್ರ ಚೊಕ್ಕ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಕೆನೆ ಮೊಸರು.

ಎದುರಿಗೇ ಅಂಚೆ ಕಚೇರಿ ಇದ್ದುದರಿಂದ ಕಾಗದ ಪಡೆದವರು ಖಾನಾವಳಿಯ ಕಟ್ಟೆಗೆ ಬಂದು ಓದಿಕೊಳ್ಳುತ್ತಿದ್ದರು. ಬಹುಮಾನದ ಪಿಡುಗು ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಹಾಗೆ.

ಆಗ ವಾರಪತ್ರಿಕೆಗಳಲ್ಲಿ ಒಂದು ಜಾಹೀರಾತು ಬರುತ್ತಿತ್ತು. ಒಂಬತ್ತು ಮನೆಗಳ ಚೌಕ. ಒಂದರಿಂದ ಒಂಬತ್ತರವರೆಗಿನ ಅಂಕೆಗಳನ್ನು ತುಂಬಬೇಕು, ಯಾವ ಕಡೆಯಿಂದ ಕೂಡಿದರೂ ಹದಿನೈದು ಬರಬೇಕು. ನಡುವೆ ಐದು ಇಟ್ಟರೆ ಮುಗಿಯಿತು, ಶಾಲೆಯ ಮಕ್ಕಳೂ ಬಿಡಿಸುವಂಥದ್ದು. ಬಿಡಿಸಿ ಕಳಿಸಿದವರಿಗೆ ಹದಿನೈದು ದಿನದಲ್ಲಿ ಕಾಗದ ಬರುತ್ತಿತ್ತು. ನಿಮ್ಮ ಉತ್ತರ ಸರಿಯಾಗಿದೆ, ನಿಮಗೆ ಪ್ರಥಮ ಬಹುಮಾನವಾಗಿ ಟ್ರಾನ್ಸಿಸ್ಟರ್ ರೇಡಿಯೋ ಬಂದಿದೆ, ಸಾಗಾಣಿಕೆ ಮತ್ತು ವಿಮೆಯ ಖರ್ಚನ್ನು ಮಾತ್ರ ವಿ.ಪಿ. ಮೂಲಕ ಕೊಟ್ಟು ಬಿಡಿಸಿಕೊಳ್ಳಿ ಎಂದು. ವಿ.ಪಿ. ಗಂಟು ಅಂಚೆ ಕಚೇರಿಗೆ ಬಂದು ಕೂಡುತ್ತದೆ. ದುಡ್ಡು ಕಟ್ಟಿದ ಮೇಲೆಯೇ ಕೈಗೆ ಸಿಗುತ್ತದೆ, ಕಟ್ಟುವ ಮೊದಲು ಬಿಚ್ಚುವಂತಿಲ್ಲ. ಬೇಡವೆಂದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಒಂದು ಪೈಸೆಯೂ ಖರ್ಚಿಲ್ಲ. ಈ ಕೊನೆಯ ಸಂಗತಿಯನ್ನು ಜನ ಮರೆಯುತ್ತಿದ್ದರು.

ಒಂದು ಮಧ್ಯಾಹ್ನ ಇಳಕಲ್ ಬಸ್ಸಿನ ಡ್ರೈವರ್ ಖಾಸಿಂಸಾಬ ತಾಟಿನ ಮುಂದೆ ಕೂತು, ಜೇಬಿನಿಂದ ಕಾಗದ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದ. ಎದುರು ಸಾಲಿನಲ್ಲಿ ಉಣ್ಣುತ್ತಿದ್ದ ತಾಲೂಕು ಕಚೇರಿಯ ಗುಮಾಸ್ತ ಯಂಕಪ್ಪನ ಮುಖ ಸಣ್ಣದಾಯಿತು.

"ಯಾಕಲೇ ಯಂಕಪ್ಪ, ನನಗ ರೇಡಿಯೋ ಬಂದ್ರ ನಿನಗ್ಯಾಕ ಹೊಟ್ಟಿ ಉರೀತೈತಿ?"

"ಹೊಟ್ಟಿ ಉರಿ ಅಲ್ಲಲೇ. ನನಗೂ ಪ್ರಥಮ ಬಹುಮಾನ ಬಂದೈತಿ." ಯಂಕಪ್ಪ ತನ್ನ ಕಾಗದವನ್ನೂ ತೆಗೆದ. ಅಕ್ಷರ ಬಿಡದೆ ಒಂದೇ ಒಕ್ಕಣೆ.

ಗುರುಲಿಂಗವ್ವ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು. "ಸಾಲ್ಯಾಗ ಒಂದ ಇಯತ್ತ್ಯಾಗ ಇಬ್ಬರು ಪಹಿಲೇ ನಂಬರ ಬಂದಿದ್ದ ಎಲ್ಲಿ ಕೇಳೀರಿ?"

"ಇಬ್ಬರೂ ಶಾಣ್ಯಾರು ಇರಬಹುದಲ್ರಿ," ಎಂದ ಖಾಸಿಂಸಾಬ.

"ನಿಮ್ಮನ್ನ ನಾ ದಿನಾ ನೋಡತೇನಿ," ಎಂದಳು ಗುರುಲಿಂಗವ್ವ. ಎಲ್ಲರೂ ನಕ್ಕರು. "ಇನಾಮ ಕೊಡಾವ ಎಲ್ಲ್ಯರೆ ರೊಕ್ಕ ಕೇಳತಾನೇನು? ಕುಸ್ತಿ ಗೆದ್ದ ಪೈಲವಾನನ ಕಡೆ ಬೆಳ್ಳಿ ಕಡಗದ ಖರ್ಚ ಕೇಳಿದ್ದ ನೋಡೀರೇನು?"

ಖಾಸಿಂಸಾಬ ಸೋಲುವವನಲ್ಲ. "ನೀವೂ ಮೊದಲ ರೊಕ್ಕ ತಗೋತೀರಿ, ಆಮ್ಯಾಲ ತಾಟ ಇಡತೀರಿ. ಅವರೂ ಹಂಗ. ಫರಕ ಏನು ಐತ್ರಿ ಗುರುಲಿಂಗವ್ವಾರ?"

"ನನ್ನ ಪಲ್ಯಾ ಹಳಸಿದ್ರ ನನ್ನ ತುರುಬ ಇಲ್ಲೇ ನಿನ್ನ ಕೈಗೆ ಸಿಗತೈತಿ. ಅವನ ಜುಟ್ಟ ಎಲ್ಲಿ ಐತಿ, ತೋರಸು."

ಖಾಸಿಂಸಾಬ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಓಣಿಯಿಲ್ಲ, ಮನೆಯಿಲ್ಲ, ಮಾಲೀಕನ ಹೆಸರಿಲ್ಲ. ಎಲ್ಲೋ ದೂರದ ಒಂದು ಶಹರ, ಅಂಚೆ ಪೆಟ್ಟಿಗೆಯ ನಂಬರು.

"ಪೆಟಗಿ ನಂಬರ ಅಷ್ಟ ಐತ್ರಿ."

"ಪೆಟಗ್ಯಾಗ ಮನಶಾ ಇರತಾನೇನು?"

ಯಂಕಪ್ಪ ಆ ಮಾತು ಕೇಳಿ ತನ್ನ ಗಂಟನ್ನು ವಾಪಸ್ ಕಳಿಸಿದ. ಖಾಸಿಂಸಾಬ ಹಟಕ್ಕೆ ಬಿಡಿಸಿಕೊಂಡ. ಒಳಗೆ ರೇಡಿಯೋದ ಪ್ಲಾಸ್ಟಿಕ್ ಹೊರಮೈ, ಅದರೊಳಗೆ ಚಿಂದಿಯಲ್ಲಿ ಸುತ್ತಿದ ಅರ್ಧ ಇಟ್ಟಂಗಿ. ಮರುದಿನ ಆತ ಅದನ್ನು ತಂದು ತಾಟಿನ ಪಕ್ಕದಲ್ಲಿಟ್ಟಾಗ, ಪೇಟೆಯ ದರ್ಜಿ ಯಾಕೂಬಸಾಬ ತುತ್ತು ನುಂಗಿ, "ಚಾಲೂ ಮಾಡಪಾ, ಹಾಡ ಕೇಳೂಣು," ಎಂದ. ಎಷ್ಟೋ ದಿನ ಖಾಸಿಂಸಾಬನ ಬಸ್ಸು ನಿಂತಲ್ಲೆಲ್ಲ ಜನ ಅದೇ ಮಾತು ಹೇಳಿ ಕಾಡಿದರು.

ಅಲ್ಲಿಂದ ಬಹುಮಾನದ ಕಾಗದ ಬಂದವರು ಅಂಚೆ ಕಚೇರಿಗೆ ಹೋಗುವ ಮೊದಲು ಖಾನಾವಳಿಗೆ ಬರತೊಡಗಿದರು. ಗುರುಲಿಂಗವ್ವ ಇದನ್ನೂ ವ್ಯಾಪಾರ ಮಾಡಿಕೊಂಡಳು. ಕಾಗದ ತೋರಿಸಬೇಕಾದರೆ ಊಟ ಮಾಡಬೇಕು. ಉಂಡು ಬಂದವರಿಗೆ ಇನ್ನೊಂದು ಊಟ. ಅಮೀನಗಡದ ಒಬ್ಬ ಮಾಸ್ತರರು ಉಪವಾಸದ ದಿನ ಬಂದು, ದುಡ್ಡು ಕೊಟ್ಟು, ಬರಿ ಮೊಸರು ಕುಡಿದು ಹೋದದ್ದನ್ನು ನಾನೇ ನೋಡಿದ್ದೇನೆ. ಆಕೆ ಕಾಗದವನ್ನು ಪೂರ್ತಿ ಓದುತ್ತಲೂ ಇರಲಿಲ್ಲ. ನೀ ಏನು ಗೆದ್ದಿ, ಯಾರನ್ನ ಸೋಲಿಸಿ ಗೆದ್ದಿ ಎಂದು ಕೇಳುತ್ತಿದ್ದಳು. ರೊಕ್ಕ ಕೇಳ್ಯಾರೋ ಇಲ್ಲೋ ಎಂದು ಕೇಳುತ್ತಿದ್ದಳು. ಇಂತಿಷ್ಟು ದಿನದೊಳಗೆ ಕಟ್ಟದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ಬರೆದಿದ್ದರೆ, "ಹೋಗಲಿ, ಅವರಿಗೂ ಒಂದ ಇಟ್ಟಂಗಿ ಬೇಕಲ್ಲ," ಎನ್ನುತ್ತಿದ್ದಳು. ಕೊನೆಗೆ ಜುಟ್ಟಿನ ಪ್ರಶ್ನೆ. ಈ ಪ್ರಶ್ನೆಗಳನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ವರ್ಷವರ್ಷವೂ ಹೇಳಿದ್ದೇನೆ. ಅವುಗಳಿಗೆ ಕೂಡಿಸಬೇಕಾದದ್ದು ನನಗೆ ಏನೂ ಸಿಗಲಿಲ್ಲ.

೧೯೮೨ರ ಸುಮಾರಿಗೆ ಕಾಗದಗಳು ಬೇರೆ ರೂಪದಲ್ಲಿ ಬಂದವು. ಕಳಿಸುವವರಿಗೆ ನಮ್ಮ ಕಡೆಯ ರೂಢಿ ತಿಳಿಸಿದವರು ಯಾರೋ ಇದ್ದಿರಬೇಕು.

ನಮ್ಮಲ್ಲಿ ಕಾಗದವನ್ನು ಓದುವ ಮೊದಲು ಅದರ ಮೂಲೆ ನೋಡುತ್ತಾರೆ. ಸಾವಿನ ಸುದ್ದಿ ತಂದ ಕಾರ್ಡಿನ ಮೂಲೆ ಹರಿದಿರುತ್ತದೆ. ಅದನ್ನು ಹೊಸ್ತಿಲ ಹೊರಗೇ ಓದಿ ಅಲ್ಲೇ ಹರಿದು ಹಾಕುತ್ತಾರೆ. ಮದುವೆ, ಗೃಹಪ್ರವೇಶದ ಕಾಗದದ ಮೂಲೆಗಳಿಗೆ ಅರಿಷಿಣ ಕುಂಕುಮ ಹಚ್ಚಿರುತ್ತದೆ. ಹಾಗೆ ಬಂದದ್ದು ಬರಿ ಕಾಗದವಲ್ಲ, ಮನೆಗೆ ಬಂದ ಲಕ್ಷ್ಮಿ. ಅದನ್ನು ದೇವರ ಜಗುಲಿಯ ಮೇಲಿಡುತ್ತಾರೆ. ವಾಪಸ್ ಕಳಿಸುವ ಮಾತನ್ನು ಯಾರೂ ಬಾಯಲ್ಲಿ ತರುವುದಿಲ್ಲ.

ಹೊಸ ಕಾಗದಗಳ ನಾಲ್ಕೂ ಮೂಲೆಗೆ ಹಳದಿ ಬಣ್ಣ, ಮೇಲೆ ಕೆಂಪು ಬೊಟ್ಟು. ಒಳಗೆ ಬಾದಾಮಿಯ ಬನಶಂಕರಿ ತಾಯಿಯ ಕೃಪೆಯೆಂದು ಆರಂಭ. ಬಹುಮಾನ ಹೊಲಿಗೆ ಯಂತ್ರ. ಹೆಣ್ಣುಮಕ್ಕಳ ಹೆಸರಿಗೇ ಬರುತ್ತಿತ್ತು. ಅಂಥದೊಂದು ಕಾಗದ ಶಾರವ್ವನಿಗೆ ಬಂತು.

ಶಾರವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಬಾಗಲಕೋಟೆಯಿಂದ ಬಂದವರು ಸಹ ಆಕೆಯ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅಷ್ಟು ತೆಳು. ಗುರುಲಿಂಗವ್ವನ ವ್ಯಾಪಾರ ನಿಂತದ್ದು ಆ ರೊಟ್ಟಿಯ ಮೇಲೆ. ಆದರೆ ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಶಾರವ್ವನಿಗೆ ದಮ್ಮು ಹತ್ತಿತ್ತು. ಬಡಿಯುತ್ತ ಬಡಿಯುತ್ತ ನಿಲ್ಲಿಸಿ, ಗೋಡೆಗೆ ಕೈಕೊಟ್ಟು ಉಸಿರು ಎಳೆಯುತ್ತಿದ್ದಳು. ಬಾಗಲಕೋಟೆಯ ದವಾಖಾನೆಯ ಡಾಕ್ಟರು ಒಲೆಯ ಮುಂದೆ ಕೂಡುವುದನ್ನು ಬಿಡಬೇಕು, ಬಿಡದಿದ್ದರೆ ಔಷಧ ದಂಡ ಎಂದಿದ್ದರು. ಒಲೆ ಬಿಟ್ಟರೆ ಬೇರೆ ಕೆಲಸ ಬೇಕಲ್ಲ. ಗಂಡ ಹನಮಪ್ಪ ಇಳಕಲ್ ಕಡೆಯ ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅಂಕೆಯ ಚೌಕ ತುಂಬಿ ಹೆಂಡತಿಯ ಹೆಸರಿನಲ್ಲಿ ಕಳಿಸಿದವನು ಅವನೇ. ಹೊಲಿಗೆ ಯಂತ್ರ ಬಂದರೆ ಶಾರವ್ವ ಹೊಗೆಯಿಂದ ಹೊರಗೆ. ಗಂಡ ಹೆಂಡತಿ ಇಬ್ಬರೂ ಅದರದೇ ಕನಸು ಕಾಣುತ್ತಿದ್ದರು.

ಗಂಟು ಬಿಡಿಸಿಕೊಳ್ಳಲು ಹನಮಪ್ಪ ಶಾರವ್ವನ ಗುಂಡಿನ ಸರವನ್ನು ಅಕ್ಕಸಾಲಿ ಪತ್ತಾರನ ಹತ್ತಿರ ಒತ್ತೆ ಇಡಲು ನಿರ್ಧರಿಸಿದ. ಅದು ಆಕೆಯ ತಾಯಿ ಕೊಟ್ಟದ್ದು. ಆಕೆಯ ಮೈಮೇಲೆ ತಾಳಿ ಬಿಟ್ಟರೆ ಇದ್ದ ಬಂಗಾರ ಅಷ್ಟೇ.

ಶಾರವ್ವ ಈ ವಿಷಯವನ್ನು ಗುರುಲಿಂಗವ್ವನಿಂದ ಮುಚ್ಚಿಟ್ಟು ನನಗೆ ಹೇಳಿದಳು. ಇದು ಮೋಸ ಎಂದು ನಾನು ಕಾರಣ ಕೊಟ್ಟು ವಿವರಿಸಿದೆ. ಆಕೆ ಪೂರ್ತಿ ಕೇಳಿದಳು.

"ನೀವು ಹೇಳೂದು ಖರೆ ಇರಬಹುದ್ರಿ ಬಾಯಾರ. ಆದ್ರ ಅರಿಷಿಣ ಕುಂಕುಮ ಹಚ್ಚಿಕೊಂಡು ಬಂದೈತ್ರಿ. ಜಗಲಿ ಮ್ಯಾಲ ಇಟ್ಟೇನಿ, ಶುಕ್ರವಾರ ಹೂ ಏರಿಸೇನಿ. ಈಗ ಹೆಂಗ ಹೊಳ್ಳಿ ಕಳಸಲಿ?"

ಸುಳ್ಳಿರಬಹುದೆಂಬ ಅನುಮಾನ ಆಕೆಗೂ ಇತ್ತು. ಬಂದ ಲಕ್ಷ್ಮಿಯನ್ನು ಬಾಗಿಲಿಂದ ಕಳಿಸಿದ ಪಾಪದ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಇಂಥ ಸುದ್ದಿ ಖಾನಾವಳಿಯಲ್ಲಿ ಎಷ್ಟು ದಿನ ಮುಚ್ಚಿಕೊಂಡಿದ್ದೀತು? ಒಂದು ದಿನ ಗುರುಲಿಂಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಕೈ ತೊಳೆಯುತ್ತಿದ್ದೆ.

"ನಿನಗ ಹೊಲಿಗಿ ಮಷಿನ್ ಬಂದೈತಂತಲ್ಲ."

"ಇನ್ನೂ ಬಂದಿಲ್ರಿ ಅವ್ವಾರ. ಬರತೈತಿ."

"ಸುಳ್ಳ ಐತಿ ಅದು."

ಶಾರವ್ವ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ನೀವು ಹಂಗ ಅಂತೀರಂತ ಗೊತ್ತಿತ್ರಿ. ಮಷಿನ್ ಬಂದ್ರ ನಿಮಗ ರೊಟ್ಟಿ ಬಡಿಯಾಕ ಯಾರು ಇರತಾರ?"

"ಅದೂ ಖರೆ. ನೀ ಹೋದ್ರ ನನ್ನ ಖಾನಾವಳಿ ಮುಚ್ಚತೈತಿ. ಅದಕ್ಕ ಹೇಳಾಕತ್ತೇನಿ ಅಂತ ತಿಳಕೋ, ಬ್ಯಾಡನ್ನೂದಿಲ್ಲ. ಆದ್ರೂ ಸುಳ್ಳ ಐತಿ."

ಊರಿನವರೂ ಶಾರವ್ವನ ಮಾತನ್ನೇ ಆಡಿದರು. ಗುರುಲಿಂಗವ್ವ ರೊಟ್ಟಿಗಾಗಿ ಬಡವಿಯ ಬಾಯಿಗೆ ಮಣ್ಣು ಹಾಕುತ್ತಿದ್ದಾಳೆ ಎಂದರು. ಖಾಸಿಂಸಾಬನ ಇಟ್ಟಂಗಿಯನ್ನು ನೋಡಿ ನಕ್ಕವರೇ ಹೀಗೆಂದರು. ಜಗುಲಿಯ ಮೇಲಿನ ಕಾಗದಕ್ಕೆ ಆ ಹಳೆಯ ಪ್ರಶ್ನೆಗಳನ್ನು ಕೇಳುವಂತಿರಲಿಲ್ಲ. ಅದನ್ನು ವಿಧವೆಯ ಕೈಗೆ ಕೊಡುವಂತೆಯೂ ಇರಲಿಲ್ಲ.

ಗಂಟು ಬಂತು. ಶುಕ್ರವಾರವೇ ಬಿಡಿಸಿಕೊಳ್ಳಬೇಕೆಂದು ಶಾರವ್ವ ಆ ದಿನ ರಜೆ ಕೇಳಿದಳು. ತಲೆಗೆ ಎರೆದುಕೊಂಡು, ಕೆನ್ನೆಗೆ, ಮೊಳಕೈವರೆಗೆ ಅರಿಷಿಣ ಹಚ್ಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಅಂಚೆ ಕಚೇರಿಗೆ ಬಂದಳು. ಹನಮಪ್ಪ ಜೊತೆಗಿದ್ದ. ಪತ್ತಾರನಿಂದ ತಂದ ದುಡ್ಡು ಅವನ ಕೈಯಲ್ಲಿತ್ತು. ಶಾರವ್ವನ ಕೊರಳಲ್ಲಿ ತಾಳಿಯೊಂದೇ ಉಳಿದಿತ್ತು. ನೆರೆಮನೆಯ ಶಿವಲಿಂಗವ್ವ ಲಕ್ಷ್ಮಿಯನ್ನು ಎದುರುಗೊಳ್ಳಲು ಆರತಿ ತಟ್ಟೆಯೊಂದಿಗೆ ಬಂದಿದ್ದಳು. ಹಿಂದೆ ಓಣಿಯ ಹೆಂಗಸರು.

ನಾನು ಊಟಕ್ಕೆ ಕೂತಿದ್ದೆ. ಗುರುಲಿಂಗವ್ವ ಬಡಿಸುವುದನ್ನು ನಿಲ್ಲಿಸಿ, ಎದುರಿನ ಗುಂಪನ್ನು ಒಂದು ಗಳಿಗೆ ನೋಡಿದಳು. ಪಲ್ಯದ ಪಾತ್ರೆಯನ್ನು ನೆಲಕ್ಕಿಟ್ಟು ರಸ್ತೆ ದಾಟಿದಳು. ಊಟದ ಹೊತ್ತಿನಲ್ಲಿ ಆಕೆ ಖಾನಾವಳಿ ಬಿಟ್ಟು ಹೊರಟದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ. ನಾನೂ ಎದ್ದು ಹೋದೆ.

ಕಿಟಕಿಯ ಆಚೆ ಅಂಚೆ ಮಾಸ್ತರ ರಾಚಯ್ಯನವರು ಗಂಟನ್ನು ಮುಂದಿಟ್ಟುಕೊಂಡು ಕೂತಿದ್ದರು. ಗೋಣಿತಟ್ಟಿನ ಮೇಲೆ ಕಾಗದ ಅಂಟಿಸಿದ ಗಂಟು. ಕಾಗದದ ಮೂಲೆಗಳಲ್ಲಿ ಅದೇ ಹಳದಿ, ನಡುವೆ ಕೆಂಪು ಬೊಟ್ಟು.

"ಅಯ್ಯಾರ, ಇದು ಖೊಟ್ಟಿ ಐತೋ ಖರೆ ಐತೋ ನೀವರೆ ಹೇಳ್ರಿ," ಎಂದ ಹನಮಪ್ಪ.

"ನಾ ಬಿಚ್ಚಿ ನೋಡಾಂಗಿಲ್ಲ, ನೋಡದ ಹೇಳಾಂಗಿಲ್ಲ. ಬ್ಯಾಡ ಅಂದ್ರ ವಾಪಸ್ ಕಳಸತೇನಿ. ತಗೊಳ್ಳೂದು ಬಿಡೂದು ನಿಮಗ ಬಿಟ್ಟದ್ದು."

ಗುರುಲಿಂಗವ್ವ ಮುಂದೆ ಬಂದಳು. ಶಿವಲಿಂಗವ್ವ ಆರತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಗುರುಲಿಂಗವ್ವ, ನೀ ಮುಟ್ಟಬ್ಯಾಡವಾ. ಅರಿಷಿಣದ್ದೈತಿ," ಎಂದಳು. ಹೆಂಗಸರಲ್ಲಿ ಯಾರೂ ಅದು ತಪ್ಪು ಮಾತೆಂದು ಹೇಳಲಿಲ್ಲ.

"ನಾ ಮುಟ್ಟೂದಿಲ್ಲ," ಎಂದಳು ಗುರುಲಿಂಗವ್ವ. ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಕಿಟಕಿಯ ಹಲಗೆಯ ಮೇಲೆ ಇಟ್ಟಳು. "ಶಾರವ್ವ, ಅರಿಷಿಣಕ್ಕ ಸುಣ್ಣ ಕೂಡಿದ್ರ ಏನಾಗತೈತಿ?"

"ಕೆಂಪ ಆಗತೈತ್ರಿ."

"ನಿನ್ನ ಕೈಗೆ ಹಚ್ಚಿಕೋ, ನೋಡೂಣು."

ಶಾರವ್ವ ಬೆರಳ ತುದಿಯಿಂದ ಸುಣ್ಣ ತೆಗೆದು ಅರಿಷಿಣ ಹಚ್ಚಿದ ಮೊಳಕೈಗೆ ತಿಕ್ಕಿದಳು. ತಿಕ್ಕುತ್ತಿದ್ದಂತೆ ಅಲ್ಲಿ ರಕ್ತದಂತೆ ಕೆಂಪಾಯಿತು. ಅದರಲ್ಲಿ ಹೊಸದೇನೂ ಇರಲಿಲ್ಲ. ಆರತಿಯ ಕೆಂಪು ನೀರನ್ನು ಅಲ್ಲಿದ್ದ ಪ್ರತಿಯೊಬ್ಬಳೂ ನೂರು ಸಲ ಹಾಗೆಯೇ ಕಲಸಿದ್ದಳು. ಶಿವಲಿಂಗವ್ವನ ತಟ್ಟೆಯಲ್ಲೇ ಆ ನೀರು ಇತ್ತು.

"ಈಗ ಈ ಮೂಲಿಗೆ ಹಚ್ಚು."

ಶಾರವ್ವನ ಕೈ ಗಂಟಿನ ಮೇಲೆ ನಿಂತಿತು. ಆಕೆಯ ಏದುಸಿರು ಕೇಳುತ್ತಿತ್ತು. ಆಮೇಲೆ ಹಚ್ಚಿದಳು. ಒಂದು ಮೂಲೆ, ಇನ್ನೊಂದು ಮೂಲೆ. ಸುಣ್ಣ ಬೆಳ್ಳಗೆ ಉಳಿಯಿತು, ಅದರ ಅಡಿಯಲ್ಲಿ ಹಳದಿ ಹಳದಿಯಾಗಿಯೇ ಉಳಿಯಿತು. ಎಲ್ಲರೂ ಬಗ್ಗಿ ನೋಡಿದರು. ರಾಚಯ್ಯನವರು ಕನ್ನಡಕ ಏರಿಸಿಕೊಂಡು ಒಳಗಿನಿಂದ ನೋಡಿದರು.

"ಅರಿಷಿಣ ಇಲ್ಲ," ಎಂದಳು ಗುರುಲಿಂಗವ್ವ. "ಬರೇ ಬಣ್ಣ. ಅರಿಷಿಣ ಇಲ್ಲದ ಲಕ್ಷ್ಮಿ ಎಲ್ಲಿಂದ ಬಂದಾಳು? ನೀ ಯಾರನ್ನೂ ಹೊಳ್ಳಿ ಕಳಸಾಕತ್ತಿಲ್ಲ. ಗೋಣಿತಟ್ಟ ಕಳಸಾಕತ್ತಿ."

ಹನಮಪ್ಪ ಹೆಂಡತಿಯ ಮುಖ ನೋಡಿದ. ಶಾರವ್ವ ಗಂಟನ್ನು ನೋಡುತ್ತ ನಿಂತಳು, ತನ್ನ ಮೊಳಕೈಯ ಕೆಂಪನ್ನು ನೋಡಿದಳು, ಮತ್ತೆ ಗಂಟನ್ನು ನೋಡಿದಳು.

"ಹೊಳ್ಳಿ ಕಳಸ್ರಿ ಅಯ್ಯಾರ," ಎಂದಳು.

ರಾಚಯ್ಯನವರು ನಿರಾಕರಿಸಲಾಗಿದೆ ಎಂದು ಬರೆದು ಮುದ್ರೆ ಒತ್ತಿದರು. ಶಿವಲಿಂಗವ್ವನಿಗೆ ಬೇರೆ ಚಿಂತೆ. "ಹಚ್ಚಿದ ಆರತಿ ಏನ ಮಾಡ್ಲೆವಾ?"

"ಅಯ್ಯಾರಿಗೆ ಬೆಳಗು. ಇಟ್ಟಂಗಿ ಕಾಯ್ದು ಕಾಯ್ದು ದಣದಾರ," ಎಂದು ಗುರುಲಿಂಗವ್ವ ಡಬ್ಬಿ ಮುಚ್ಚಿ ಸಂಚಿಗೆ ಹಾಕಿಕೊಂಡು ರಸ್ತೆ ದಾಟಿದಳು. ಹೆಂಗಸರು ನಕ್ಕರು. ಶಾರವ್ವ ನಗಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಇಳಕಲ್ಲಿನ ನೇಕಾರ ಅಮಾತೆಪ್ಪ ಹೆಂಡತಿಯ ಹೆಸರಿಗೆ ಬಂದ ಗಂಟನ್ನು ಬಿಡಿಸಿಕೊಂಡು, ಬಿಚ್ಚಿದ್ದನ್ನು ಚೀಲದಲ್ಲಿ ತುಂಬಿಕೊಂಡು ಖಾನಾವಳಿಗೆ ಬಂದ. ಒಳಗಿದ್ದದ್ದು ಅಂಗೈಯಷ್ಟು ತಗಡಿನ ಹೊಲಿಗೆ ಯಂತ್ರ, ಮಕ್ಕಳ ಆಟಿಕೆ. ಭಾರಕ್ಕೆಂದು ಕೆಳಗೆ ಬಿಳಿ ಕಲ್ಲಿನ ಚಪ್ಪಡಿಗಳು. ಹನಮಪ್ಪ ಒಂದು ಕಲ್ಲನ್ನು ಕೈಯಲ್ಲಿ ತೂಗಿ, "ಇದು ನಮ್ಮ ಸೀಮಿ ಕಲ್ಲಲ್ಲ," ಎಂದ. ಅವನಿಗೆ ಹೇಳಲು ಸಿಕ್ಕಿದ್ದು ಅಷ್ಟೇ. ಗುಂಡಿನ ಸರ ಆ ಹೊತ್ತಿಗೆ ಶಾರವ್ವನ ಕೊರಳಿಗೆ ಮರಳಿತ್ತು.

ಮುಂದಿನ ಕೆಲವು ತಿಂಗಳು ಹುನಗುಂದದ ಹೆಂಗಸರು ಅಂಚೆ ಕಚೇರಿಗೆ ಸುಣ್ಣದ ಡಬ್ಬಿ ಹಿಡಿದೇ ಹೋದರು. ಖಾಸಿಂಸಾಬ ಇಟ್ಟಂಗಿಯ ಅವಮಾನ ತೊಳೆದುಕೊಳ್ಳುವವನಂತೆ, ಬಸ್ಸು ನಿಂತಲ್ಲೆಲ್ಲ ತಲೆ ಹೊರಹಾಕಿ, "ಹಳದಿ ಕಾಗದಕ್ಕ ಸುಣ್ಣ ಹಚ್ಚಿ ನೋಡ್ರಿ," ಎಂದು ಸಾರಿದ. ಇಳಕಲ್ಲಿನ ನೇಕಾರರ ಓಣಿಗೆ ಆ ಮಾತು ಹೋಯಿತು, ಅಲ್ಲಿಂದ ಬಾಗಲಕೋಟೆಗೆ, ಬಾದಾಮಿಗೆ ಹೋಯಿತು. ಗಂಟುಗಳು ಒಂದರ ಹಿಂದೊಂದು ವಾಪಸ್ ಹೋದವು. ಅಂಚೆ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದು ಗುರುಲಿಂಗವ್ವನ ಹೇಳಿಕೆ ಬೇಕೆಂದರು. ಆಕೆ ಅವರಿಂದಲೂ ಮೊದಲು ಊಟದ ದುಡ್ಡು ತೆಗೆದುಕೊಂಡಳು. ಪೊಲೀಸರ ನೆರವಿಲ್ಲದೆ, ಸಭೆಯಿಲ್ಲದೆ, ಭಾಷಣವಿಲ್ಲದೆ ಒಂದು ಸೀಮೆಯ ಹೆಣ್ಣುಮಕ್ಕಳು ದೂರದ ವಂಚಕರ ವ್ಯಾಪಾರವನ್ನು ಮುಚ್ಚಿಸಿದರು. ನನ್ನ ಅಧ್ಯಾಪನದ ಇಡೀ ಅವಧಿಯಲ್ಲಿ ನಾನು ಕಂಡ ದೊಡ್ಡ ಪಾಠಗಳಲ್ಲಿ ಅದೊಂದು, ಮತ್ತು ಅದು ನಡೆದದ್ದು ಕಾಲೇಜಿನ ಹೊರಗೆ.

ನಾನು ಒಂದು ಸಂಶಯ ಎತ್ತಿದ್ದೆ. "ಮುಂದ ಅವರು ಖರೆ ಅರಿಷಿಣಾನ ಹಚ್ಚಿ ಕಳಿಸಿದ್ರ?"

"ಹಚ್ಚಲಿ. ಆವಾಗ ಜುಟ್ಟ ಕೇಳೂಣು," ಎಂದಳು ಗುರುಲಿಂಗವ್ವ. "ಸುಣ್ಣ ಅವರ ಸುಳ್ಳಿಗಲ್ರಿ ಬಾಯಾರ, ಇವರ ಹೆದರಿಕಿಗೆ."

ಊರಿಗೆ ಊರೇ ಹೊಗಳಿದರೂ ಶಾರವ್ವ ಹೊಗಳಲಿಲ್ಲ. ಮರುದಿನವೇ ಒಲೆಯ ಮುಂದೆ ಬಂದು ಕೂತಿದ್ದಳು. ಸರ ಉಳಿದಿತ್ತು, ಹೊಗೆಯೂ ಉಳಿದಿತ್ತು. ಒಂದು ಮಧ್ಯಾಹ್ನ ಉಸಿರು ಹಿಡಿದು ಗೋಡೆಗೆ ಒರಗಿದ್ದಾಗ ಗುರುಲಿಂಗವ್ವ ನೀರು ತಂದು ಮುಂದೆ ಹಿಡಿದಳು. ಶಾರವ್ವ ನೀರು ಕುಡಿದು ತಂಬಿಗೆ ಕೊಟ್ಟು, "ನಿಮ್ಮ ರೊಟ್ಟಿ ಉಳೀತು ನೋಡ್ರಿ ಅವ್ವಾರ," ಎಂದಳು.

ಗುರುಲಿಂಗವ್ವ ತಂಬಿಗೆ ಹಿಡಿದು ಹೊರಗೆ ಬಂದಳು. ನನ್ನ ತಾಟಿಗೆ ಎರಡು ಸಲ ಹಿಂಡಿ ಬಡಿಸಿದಳು, ಬಡಿಸಿದ್ದು ಮರೆತು.

ದೀಪಾವಳಿ ರಜೆಗೆ ಊರಿಗೆ ಹೋಗಿ ಬಂದ ಮೇಲೆ ನಾನು ಮೊದಲ ಸಲ ಊಟಕ್ಕೆ ಹೋದಾಗ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ತಾಟಿಗೆ ಬಂದ ರೊಟ್ಟಿ ದಪ್ಪಗಿತ್ತು, ಒಂದು ಕಡೆ ಹಸಿ, ಇನ್ನೊಂದು ಕಡೆ ಕರ್ರಗೆ ಸುಟ್ಟಿತ್ತು. ಪಕ್ಕದ ಸಾಲಿನಲ್ಲಿ ಖಾಸಿಂಸಾಬ ಅದನ್ನು ಎರಡೂ ಕೈಯಿಂದ ಮುರಿಯುತ್ತ, "ಇದು ರೊಟ್ಟಿ ಅಲ್ರಿ, ಹಂಚ," ಎಂದು ಗೊಣಗುತ್ತಿದ್ದ. ದರ್ಜಿ ಯಾಕೂಬಸಾಬ ಮಾತ್ರ ತಲೆ ಎತ್ತದೆ ಉಂಡು, ಕೈ ತೊಳೆದು, ಎದ್ದು ಹೋದ. ಅವನಿಂದ ಊಟಕ್ಕೆ ಮೊದಲಾಗಲಿ ಆಮೇಲಾಗಲಿ ದುಡ್ಡು ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ.

ಶಾರವ್ವನಿಗೆ ದಮ್ಮು ಹೆಚ್ಚಾಗಿರಬೇಕೆಂದು ಅಡಿಗೆಮನೆಗೆ ಹೋಗಿ ನೋಡಿದೆ. ಒಲೆಯ ಮುಂದೆ ಗುರುಲಿಂಗವ್ವ ಕೂತಿದ್ದಳು. ಮುಂಗೈಯ ಮೇಲೆ ಎರಡು ಸುಟ್ಟ ಗಾಯ, ಅವುಗಳಿಗೆ ಸುಣ್ಣ ಹಚ್ಚಿಕೊಂಡಿದ್ದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಹಿಟ್ಟು ಬಡಿಯುತ್ತಿದ್ದಳು, ಅದು ಅಂಚಿನಲ್ಲಿ ಬಿರುಕು ಬಿಡುತ್ತಿತ್ತು.

"ಶಾರವ್ವ ಎಲ್ಲಿ?"

"ಯಾಕೂಬಸಾಬನ ಅಂಗಡ್ಯಾಗ ಮಷಿನ್ ತುಳಿಯಾಕ ಕಲಿಯಾಕತ್ತಾಳ." ಬಿರುಕನ್ನು ಬೆರಳಿನಿಂದ ಮುಚ್ಚಿ, ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಹೋಗಿ ಉಣ್ರಿ ಬಾಯಾರ, ಆರಿದ್ರ ಇನ್ನೂ ಗಟ್ಟಿ ಆಗತೈತಿ."